ಜುಬ್ಬಾದ ಜೇಬಿನಲ್ಲಿ ಒನ್ ಟ್ವೆಂಟಿ

ಮಮಿಯಾ ಆರ್‌ಬಿ 67 ಎಂಬ ಭಾರದ ಫಿಲ್ಮ್ ಕ್ಯಾಮೆರಾ ಹೊತ್ತು ಮುಂಬಯಿಯಲ್ಲಿ ಬೆಳಿಗ್ಗೆ ಎಂಟರ ಡೊಂಬಿವಲಿ ಫಾಸ್ಟ್ ಲೋಕಲ್ ಹತ್ತಿದವರಿಗೆ ನನ್ನ ಸಂಕಟ ಗೊತ್ತು. ಲೆನ್ಸ್ ಸೇರಿ ಎರಡೂವರೆ ಕಿಲೋಗೆ ಮೇಲೆ. ಠಾಣೆ ಬರುವಷ್ಟರಲ್ಲಿ ಬ್ಯಾಗು ಯಾರದೋ ಹೊಟ್ಟೆಗೆ ಒತ್ತಿ ಬೈಗುಳ ತಿಂದಾಗಿರುತ್ತದೆ. ಮೂರು ವರ್ಷದಲ್ಲಿ ಅದು ಮನೆಯಿಂದ ಹೊರಬಿದ್ದದ್ದು ಹತ್ತೋ ಹನ್ನೆರಡೋ ಸಲ. 35 ಎಂಎಂ ಫಿಲ್ಮಿನ ಸಣ್ಣ ಕ್ಯಾಮೆರಾ ಹಗುರ, ರೋಲಿಗೆ 36 ಚಿತ್ರ, ಎಲ್ಲ ಸಲೀಸು. ಆದರೆ ಮಮಿಯಾದ ಆರು ಸೆಂಟಿಮೀಟರ್ ಅಗಲ, ಏಳು ಉದ್ದದ ನೆಗೆಟಿವ್ ನೋಡಿದ ಕಣ್ಣಿಗೆ ಅದು ಅಂಚೆಚೀಟಿ.

ಕೊನೆಗೆ ಚೋರ್ ಬಜಾರಿನಲ್ಲಿ, ಮಡಚಿ ಜುಬ್ಬಾದ ಜೇಬಿಗಿಳಿಸಬಹುದಾದ ಹಳೆಯ ಕ್ಯಾಮೆರಾ ಆಗ್ಫಾ ಐಸೊಲೆಟ್ ಕೊಂಡೆ. ಇದಕ್ಕೂ ಮಮಿಯಾದ ಹಾಗೆ ಒನ್ ಟ್ವೆಂಟಿ (120) ಎಂಬ ಅಗಲದ ಫಿಲ್ಮೇ. 2,500 ಹೇಳಿದವನು 1,800ಕ್ಕೆ ಇಳಿದ. ಮಾಟುಂಗದಲ್ಲಿ ಕಾಫಿ ಕುಡಿಯುತ್ತಾ ತೋರಿಸಿದರೆ ಗೆಳೆಯರೊಬ್ಬರು, “ಮಾರಾಯರೇ, ಇದನ್ನು ಷೋಕೇಸಿನಲ್ಲಿಡಿ, ಫಿಲ್ಮ್ ದಂಡ ಮಾಡಬೇಡಿ” ಎಂದರು.

ಮೊದಲ ನಾಲ್ಕು ರೋಲು ದಂಡವೇ ಆಯಿತು. ತೊಳೆಸಿದ್ದೂ ಸೇರಿ ಐದು ಸಾವಿರ ನೀರಿಗೆ. ರಾತ್ರಿ ದೀಪ ಆರಿಸಿ ಬೆಲ್ಲೋಸ್, ಅಂದರೆ ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಯ ಚೀಲದ ಒಳಗೆ ಟಾರ್ಚ್ ಹಿಡಿದೆ: ಮಡಿಕೆಯ ಮೂಲೆಗಳಲ್ಲಿ ಹದಿನೇಳು ಸೂಜಿತೂತು! ಕಪ್ಪು ಉಗುರುಬಣ್ಣ ಹಚ್ಚಿದೆ, ನಾಲ್ಕು ಸಲ ಮಡಚಿದ ಮೇಲೆ ಬಿರಿಯಿತು. ಈಗ ಹಚ್ಚಿರುವುದರಲ್ಲಿ ದೇವರ ದೀಪದ ಕಾಡಿಗೆಯಿದೆ. ಅಂಟು ಯಾವುದೆಂದು ಮಾತ್ರ ಹೇಳುವುದಿಲ್ಲ.

ತೂತಿನಿಂದ ನುಗ್ಗುವ ಬೆಳಕು ನಿಂತರೂ ಚಿತ್ರದ ನಡುಭಾಗ ಮಸುಕು. ಲೆನ್ಸನ್ನು ಬೈದುಕೊಂಡೆ, ತಪ್ಪು ನನ್ನದೇ. ಬೆಲ್ಲೋಸನ್ನು ಥಟ್ಟನೆ ತೆರೆದರೆ ಅದು ಕಮ್ಮಾರನ ತಿದಿಯ ಹಾಗೆ ಗಾಳಿ ಎಳೆದು, ಫಿಲ್ಮ್ ಮುಂದಕ್ಕೆ ಉಬ್ಬುತ್ತದೆ. ಈಗ ಮೆಲ್ಲಗೆ ತೆರೆದು, ಆಮೇಲೆಯೇ ಫಿಲ್ಮ್ ಸುತ್ತುತ್ತೇನೆ. ಹಿಂಬದಿಯ ಕೆಂಪು ಕಿಟಕಿಯಲ್ಲಿ ಎಷ್ಟನೆಯ ಚಿತ್ರವೆಂಬ ಅಂಕಿ ನೋಡಲು ಅವಸರ ಸಲ್ಲದು.

ಮಹಾಲಕ್ಷ್ಮಿಯ ಸೇತುವೆಯ ಮೇಲೆ ನಿಂತು ಧೋಬಿ ಘಾಟ್ ತೆಗೆದದ್ದು ಐದನೆಯ ರೋಲಿನಲ್ಲಿ. ಲೆನ್ಸಿನ ಬೆಳಕಿನ ಕಿಂಡಿಯನ್ನು ಎಫ್ 16ಕ್ಕೆ ಕಿರಿದು ಮಾಡಿ, ದೂರ 30 ಅಡಿಗೆ ಇಟ್ಟು ಮರೆತೆ. 15 ಅಡಿಯಿಂದಾಚೆಗೆ ಎಲ್ಲವೂ ಸ್ಪಷ್ಟ. 400 ಐಎಸ್ಒ ವೇಗದ ಫಿಲ್ಮನ್ನು 200ರದೆಂದೆಣಿಸಿ ತುಸು ಹೆಚ್ಚು ಬೆಳಕು ಕೊಟ್ಟರೆ ಬಿಸಿಲಿಗೆ ಒಂದೇ ಷಟರ್ ವೇಗ ಸಾಕು. ಹದಿನಾರು ಇಂಚಿನ ಪ್ರಿಂಟಿನಲ್ಲಿ ಹಗ್ಗದ ಹುರಿಯೂ ಕಾಣುತ್ತದೆ. ಷೋಕೇಸಿನ ಮಾತಾಡಿದವರೇ ಅದನ್ನು ಕೇಳಿ ಒಯ್ದರು.

ನಡುವೆ ಇದೇ ಕ್ಯಾಮೆರಾಗೆ 35 ಎಂಎಂ ಫಿಲ್ಮ್ ತುರುಕಿ, ಕೆಂಪು ಕಿಟಕಿಗೆ ಟೇಪು ಬಡಿದು, ಗುಬುಟು ತಿರುಗಿಸಿದ್ದನ್ನು ಎಣಿಸಿಕೊಂಡು ತೆಗೆದೆ. ಫಿಲ್ಮಿನ ಅಂಚಿನ ಹಲ್ಲಿನ ತೂತುಗಳ ಮೇಲೂ ಚಿತ್ರ ಮೂಡಿ ಚೆನ್ನಾಗಿತ್ತು; ಆದರೆ ಎಣಿಕೆ ತಪ್ಪಿ ಮೂರು ಚಿತ್ರ ಒಂದರ ಮೇಲೊಂದು.

ಹನ್ನೆರಡು ಚಿತ್ರಕ್ಕೊಮ್ಮೆ ರೋಲು ಬದಲಿಸುವುದು ಇಂದಿಗೂ ರಗಳೆ. ಗಾಡಿಯೊಳಗೆ ಆಗದು, ದಾದರಿನಲ್ಲಿ ಇಳಿದು ಕಂಬದ ನೆರಳು ಹುಡುಕುತ್ತೇನೆ. ಮೂರೂವರೆ ಅಡಿಗಿಂತ ಹತ್ತಿರಕ್ಕೆ ಇದರ ಫೋಕಸ್ ಬರುವುದೂ ಇಲ್ಲ. ಹಾಗಾಗಿ ಮಮಿಯಾ ಮಾರಿಲ್ಲ, ಮನೆಯಲ್ಲಿ ಮೊಮ್ಮಗಳ ಮುಖ ತೆಗೆಯಲು ಅದೇ ಬೇಕು.