ಬೀಗ ಹಾಕಿದ ಹಂಚಿನ ಮನೆಗೆ ಇಲಿ, ಮರಬೆಕ್ಕು ಹೊಗದಂತೆ

ನಾವಿರುವುದು ಮಸ್ಕತ್‌ನಲ್ಲಿ, ಮನೆ ಉಡುಪಿಯಲ್ಲಿ. ವರ್ಷದ ಬಹುಪಾಲು ಬೀಗ. ಇಂಥ ಮನೆಗೆ ಇಲಿಪಾಷಾಣವೂ ಬೇಡ, ಬೋನೂ ಬೇಡ. ಬ್ರೋಮಡಿಯೋಲೋನ್ ಎಂಬ ಇಲಿಪಾಷಾಣ ತಿಂದ ಇಲಿ ಕೆಲವು ದಿನ ಓಡಾಡಿಕೊಂಡಿದ್ದು ಮುಚ್ಚಿಗೆಯ ಮೇಲೆ ಸಾಯುತ್ತದೆ, ತೆಗೆಯುವವರು ಯಾರು? ಅದನ್ನು ಹಿಡಿದು ತಿಂದ ಗೂಬೆಗೂ ವಿಷ ತಗಲುತ್ತದೆ. ಬೋನಿಗೆ ಬಿದ್ದದ್ದು ಹಸಿದು ಸಾಯುತ್ತದೆ. ಹಾಗಾಗಿ ನಮ್ಮ ಖರ್ಚೆಲ್ಲ ದಾರಿ ಮುಚ್ಚುವುದಕ್ಕೆ.

ನಡು ಹಗಲಲ್ಲಿ ಕಿಟಕಿ ಮುಚ್ಚಿ ಅಟ್ಟದಲ್ಲಿ ಸ್ವಲ್ಪ ಹೊತ್ತು ಕೂತರೆ ಬೆಳಕು ನುಸುಳುವ ಸಂದುಗಳೆಲ್ಲ ಕಾಣುತ್ತವೆ. ಸಣ್ಣ ಇಲಿಗೆ 6 ಮಿ.ಮೀ. ಸಂದು ಸಾಕು, ದೊಡ್ಡದಕ್ಕೆ 12. ಹಂಚಿನ ಮನೆಯ ಹೆದ್ದಾರಿ ಎಂದರೆ ಗೋಡೆಯ ತಲೆಗೂ ಹಂಚಿಗೂ ನಡುವೆ, ಹಂಚು ಹೊರುವ ಮರದ ಪಕ್ಕಾಸುಗಳ ಮಧ್ಯೆ ಉಳಿಯುವ ಕಿಂಡಿ. ಅದನ್ನು ಸಿಮೆಂಟಿನಿಂದ ಪೂರ್ತಿ ಮುಚ್ಚಬಾರದು. ಗಾಳಿಯಾಡದೆ ಮಳೆಗಾಲದಲ್ಲಿ ಮರ ಕೊಳೆತು ಕುಂಬಾಗುತ್ತದೆ. 6 ಮಿ.ಮೀ.ಗಿಂತ ಸಣ್ಣ ಕಣ್ಣಿನ ವೆಲ್ಡ್ ಮೆಷ್ (ಬೆಸುಗೆ ಹಾಕಿದ ತಂತಿ ಬಲೆ) ತನ್ನಿ. ಕಿಂಡಿಗಿಂತ ಸುತ್ತ 5 ಸೆಂ.ಮೀ. ಹೆಚ್ಚು ಕತ್ತರಿಸಿ, ಅಂಚು ಮಡಚಿ, 10 ಸೆಂ.ಮೀ.ಗೊಂದು ಸ್ಕ್ರೂ, ವಾಷರ್ ಹಾಕಿ ಮರಕ್ಕೆ ಬಿಗಿಯಿರಿ. ಮೊಳೆ ಮಾತ್ರ ಹೊಡೆದರೆ ಇಲಿ ಮೂಲೆಯನ್ನು ಎಬ್ಬಿಸುತ್ತದೆ. ಪ್ಲಾಸ್ಟಿಕ್ ಬಲೆ, ಫೋಮ್ ಎರಡನ್ನೂ ಕಡಿದು ಹಾಕುತ್ತದೆ. ಮಲ್ಪೆ, ಕಾಪು ಕಡೆಯ ಉಪ್ಪುಗಾಳಿಗೆ ಗ್ಯಾಲ್ವನೈಸ್ಡ್ ಮೆಷ್ ಬೇಗ ತುಕ್ಕು ಹಿಡಿಯುತ್ತದೆ; ಕಡಲ ಹತ್ತಿರದವರು ಸ್ಟೇನ್‌ಲೆಸ್‌ಗೇ ದುಡ್ಡು ಹಾಕಿ. ಪೈಪಿನ ಸುತ್ತಲಿನ ತೂತಿಗೆ ಮೆಷ್ ಮುದ್ದೆ ತುರುಕಿ, ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ.

ಮರಬೆಕ್ಕಿನ ವಿಷಯ ಬೇರೆ. ಅದು ಹಂಚು ಸರಿಸಿಯೇ ಒಳಗಿಳಿಯುತ್ತದೆ, ಹೆಚ್ಚಾಗಿ ಮಾಡಿನ ನೆತ್ತಿಯ ಕೋಡಿನ ಬಳಿ. ಒಳಗೆ ಪ್ರಾಣಿ ಇರುವಾಗ ಮುಚ್ಚಿದರೆ ಮುಚ್ಚಿಗೆ ಹರಿದು ಹೊರಬರಲು ನೋಡುತ್ತದೆ, ಇಲ್ಲವೇ ಅಲ್ಲೇ ಸಾಯುತ್ತದೆ. ಅದಕ್ಕೆ ಮೊದಲು ತೂತಿಗೆ ಹಳೆ ಪೇಪರ್ ಸಡಿಲವಾಗಿ ತುರುಕಿ, ಕೆಳಗಿನ ಹಲಗೆಯ ಮೇಲೆ ಬೂದಿ ಉದುರಿಸಿ. ಮೂರು ರಾತ್ರಿ ಪೇಪರ್ ಅಲುಗದೆ, ಬೂದಿಯಲ್ಲಿ ಹೆಜ್ಜೆ ಮೂಡದೆ ಇದ್ದರೆ ಅಟ್ಟ ಖಾಲಿ. ಆಗ ಹಂಚು ಕೂರಿಸಿ ಕೋಡಿಗೆ ಗಾರೆ ಹಾಕಿಸಿ. ಮರಿಗಳ ಸದ್ದು ಕೇಳಿದರೆ ಅವು ತಾಯಿಯ ಜೊತೆ ಹೋಗುವವರೆಗೆ ಕಾಯಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮರಬೆಕ್ಕನ್ನು ಹಿಡಿಯುವುದೂ ಕೊಲ್ಲುವುದೂ ಅಪರಾಧ, ಮತ್ತು ಕೊಲ್ಲುವಂಥ ತಪ್ಪೇನೂ ಆ ಪ್ರಾಣಿ ಮಾಡಿಲ್ಲ.

ಮಾಡಿಗೆ ತಾಗುವ ಕೊಂಬೆ, ತೆಂಗಿನ ಮಡಲುಗಳನ್ನು ಎರಡು ಮೀಟರ್ ಅಂತರ ಸಿಗುವಂತೆ ಕಡಿಸಿ. ತೆಂಗಿನ ಬುಡದಿಂದ ಎರಡು ಮೀಟರ್ ಎತ್ತರದಲ್ಲಿ 45 ಸೆಂ.ಮೀ. ಅಗಲದ ನುಣುಪು ತಗಡು ಸುತ್ತಿಸಿದರೆ ಇಲಿ ಹತ್ತಲಾರದು. ಆದರೆ ಪಕ್ಕದ ಮರದ ಮಡಲು ತಾಗುತ್ತಿದ್ದರೆ ತಗಡು ದಂಡ.

ಹಾವು ಬರುವುದು ಇಲಿಯ ಹಿಂದೆ. ಅಂಗಳದ ಕಟ್ಟಿಗೆ ರಾಶಿ, ಒಡೆದ ಹಂಚಿನ ರಾಶಿ ತೆಗೆಸಿ. ಬಂದದ್ದು ಯಾವ ಹಾವೆಂದು ತಿಳಿಯದಿದ್ದರೆ ಅರಣ್ಯ ಇಲಾಖೆಗೆ ಹೇಳಿ.

ಹೊರಡುವ ಮುನ್ನ ಅಕ್ಕಿ, ಬೇಳೆ, ಅಟ್ಟದ ತೆಂಗಿನಕಾಯಿ ಎಲ್ಲ ಖಾಲಿ ಮಾಡಬೇಕು. ಹೆಚ್ಚಿನವರು ಮರೆತುಬಿಡುವುದು ಬಚ್ಚಲಿನ ಟ್ರ್ಯಾಪ್ ಅನ್ನು, ಅಂದರೆ ಚರಂಡಿ ಪೈಪಿನಲ್ಲಿ ನೀರು ನಿಲ್ಲುವ ಬಾಗನ್ನು. ಅದರ ನೀರು ಆರಿದರೆ ಜಿರಲೆ, ಇಲಿಗೆ ಚರಂಡಿಯಿಂದ ನೇರ ಬಾಗಿಲು. ನೀರು ತುಂಬಿಸಿ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಆರುವುದು ನಿಧಾನ. ಕೀಲಿ ಇರುವ ನೆರೆಯವರು ತಿಂಗಳಿಗೊಮ್ಮೆ ಒಂದು ಚೆಂಬು ನೀರು ಸುರಿದು, ಟಾರ್ಚ್ ಬಿಟ್ಟು ಅಟ್ಟದ ಫೋಟೊ ಕಳಿಸಿದರೆ ಹೊಸ ಹಿಕ್ಕೆ ಬಿದ್ದಿದೆಯೇ ಎಂದು ನೀವಿರುವಲ್ಲಿಂದಲೇ ನೋಡಬಹುದು. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ. ಕೈಗವಸು, ಮಾಸ್ಕ್ ಹಾಕಿ, ಬ್ಲೀಚಿಂಗ್ ನೀರು ಚಿಮುಕಿಸಿ, ನೆನೆದ ಮೇಲೆ ಒರೆಸಿ ತೆಗೆಯಿರಿ. ಇಲಿಯ ಮೂತ್ರ ಬಿದ್ದ ನೆಲದಲ್ಲಿ ಗಾಯದ ಕಾಲಿಟ್ಟು ಓಡಾಡಿದರೆ ಇಲಿಜ್ವರದ ಅಪಾಯವಿದೆ, ಮಳೆಗಾಲದಲ್ಲಂತೂ ಹೆಚ್ಚು.