ಮಲೆನಾಡ ಮಳೆಗೆ ಕೊಚ್ಚಿ ಹೋಗದ ಸೈಕಲ್ ಟ್ರೇಲ್: ನಮ್ಮ ಕಾಫಿ ತೋಟದಲ್ಲಿ ಮಾಡಿದ್ದು

ಈ ಸಲದ ಪುಷ್ಯ, ಆಶ್ಲೇಷ ಎರಡೂ ಮಳೆ ದಾಟಿ ನನ್ನ ಟ್ರೇಲ್ ನಿಂತಿದೆ. ಇದನ್ನು ಬರೆಯುತ್ತಿರುವುದೇ ಅದಕ್ಕೆ. ಮೂಡಿಗೆರೆ ಕಡೆ ಮಣ್ಣಿನ ಸಿಂಗಲ್ ಟ್ರ್ಯಾಕ್ (ಒಂದೇ ಸೈಕಲ್ ಹೋಗುವಷ್ಟು ಕಿರುದಾರಿ) ಒಂದು ಮಳೆಗಾಲ ತಡೆಯಲ್ಲ, ಕಾಂಕ್ರೀಟ್ ಹಾಕು, ಇಲ್ಲಾ ಸುಮ್ನೆ ಕಾಫಿ ನೋಡ್ಕೋ ಅಂದವರು ಒಬ್ಬಿಬ್ಬರಲ್ಲ. ಪಕ್ಕದ ತೋಟದವರು ಅಂದರು, ನಮ್ಮ ಮೇಸ್ತ್ರಿ ಅಂದರು, ತುರಹಳ್ಳಿಯಲ್ಲಿ, ಆವಲಹಳ್ಳಿಯಲ್ಲಿ ವಾರ ವಾರ ಓಡಿಸುವ ಬೆಂಗಳೂರಿನ ಗೆಳೆಯರೂ ಅಂದರು. ಒಂದು ಚೀಲ ಸಿಮೆಂಟೂ ಇಲ್ಲದೆ ಮೂರೂವರೆ ಕಿಲೋಮೀಟರ್ ಮಾಡಿದ್ದೇನೆ. ಟ್ರೇಲ್ ಅಗೆದು ಗೊತ್ತಿರುವವರಿಗೆ ಬರೆಯುತ್ತಿದ್ದೇನೆ. ತಿರುವಿನ ಹೊರಬದಿಯ ಮಣ್ಣಿನ ಏರಿ, ಅಂದ್ರೆ ಬರ್ಮ್, ಯಾಕೆ ಬೇಕು, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಒಳ್ಳೇದಾ ಹಿಂದೆ ಮುಂದೆ ಎರಡೂ ಕಡೆ ಇರುವ ಫುಲ್ ಸಸ್ಪೆನ್ಷನ್ನಾ ಅನ್ನುವುದೆಲ್ಲ ಇಲ್ಲಿ ಇಲ್ಲ.

ಜಾಗ ಹೇಳಿಬಿಡ್ತೀನಿ. ಅರೇಬಿಕಾ ತೋಟ. ನೆರಳಿಗೆ ಸಿಲ್ವರ್ ಓಕ್, ಹಳೇ ಬಸರಿ, ಅತ್ತಿ, ಅಲ್ಲಲ್ಲಿ ಹಾಲುವಾಣ. ತೋಟದ ತಲೆಗೂ ಹಳ್ಳಕ್ಕೂ ಎತ್ತರದಲ್ಲಿ 120 ಮೀಟರ್ ಸುಮಾರು ವ್ಯತ್ಯಾಸ. ಹತ್ತುವುದು ಇಳಿಯುವುದು ಸೇರಿ ಒಂದು ಸುತ್ತು. ನಮ್ಮ ಮಳೆ ಪುಸ್ತಕದಲ್ಲಿ ಸಾಧಾರಣ ವರ್ಷಕ್ಕೆ 100 ಇಂಚು ಆಸುಪಾಸು, ಜೋರಾದರೆ 140 ದಾಟುತ್ತದೆ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಜರಿದು ತೋಟಕ್ಕೆ ತೋಟವೇ ಹೋದದ್ದು ಎಲ್ಲರಿಗೂ ನೆನಪಿದೆ. ಹಾಗಾಗಿ ಇಲ್ಲಿ ಗುಡ್ಡಕ್ಕೆ ಗುದ್ದಲಿ ಹಾಕ್ತೀನಿ ಅಂದ್ರೆ ಜನ ಹೆದರುವುದರಲ್ಲಿ ಅರ್ಥ ಇದೆ.

ಮೊದಲ ಲೈನ್ ಹಳೇ ಬಂಡಿ ದಾರಿಯ ಮೇಲೇ ಹೋಯಿತು. ಇರುವ ದಾರಿ, ಅಗೆಯುವ ಖರ್ಚು ಇಲ್ಲ ಅಂತ. ನೇರ ಇಳಿಜಾರು, ಓಡಿಸೋಕೆ ಭಾರಿ ಮಜಾ. ಸುಮಾರು 40 ಸಾವಿರ ಖರ್ಚಾಯಿತು, ಕಳೆ ಸವರಿ, ಬೇರು ಕಡಿದು, ಎರಡು ಜಂಪ್ ಮಾಡಿಸಿದ್ದಕ್ಕೆ. ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ಟ್ರೇಲೇ ಹಳ್ಳ ಆಗಿತ್ತು. ಮಂಡಿವರೆಗೆ ಕೊರೆದಿತ್ತು, ಸಿಲ್ವರ್ ಬೇರುಗಳು ಎರಡೂ ಕಡೆ ಜೋತು ಬಿದ್ದಿದ್ದವು.

ಆಮೇಲೆ ಬೆಂಗಳೂರಿನಿಂದ ಟ್ರೇಲ್ ಡಿಸೈನ್ ಮಾಡ್ತೀವಿ ಅಂತ ಇಬ್ಬರು ಬಂದರು. ಸರ್ವೆಗೆ 35 ಸಾವಿರ ಇಸ್ಕೊಂಡರು. ಬಂದದ್ದು ಸ್ಯಾಟಲೈಟ್ ಚಿತ್ರದ ಮೇಲೆ ಹಳದಿ ಗೆರೆ ಎಳೆದ ಒಂದು ಪಿಡಿಎಫ್. ಗೆರೆ ಎರಡು ಕಡೆ ಬಂಡೆಯ ಮೇಲೆ ಹೋಗಿತ್ತು, ಒಂದು ಕಡೆ ಪಕ್ಕದವರ ಕೆರೆಯೊಳಗೆ. ಅವರ ಮಾತಿನಂತೆ ಪುಟ್ಟ ಹಿಟಾಚಿ ತರಿಸಿದೆ, ಗಂಟೆಗೆ 1100 ಇರಬೇಕು. ಮೆಷಿನ್ ಒಳಗಿನ ಮಣ್ಣು ಕೆರೆದು ಹೊರಗಿನ ಅಂಚಿಗೆ ತುಂಬಿ ಚಪ್ಪಟೆ ಮಾಡಿಕೊಂಡು ಹೋಯಿತು. ನೋಡೋಕೆ ಏರ್‌ಪೋರ್ಟ್ ರನ್‌ವೇ. ಫೋಟೋಗೆ ಬಂದಷ್ಟು ಲೈಕು ಆಮೇಲೆ ಯಾವುದಕ್ಕೂ ಬರಲಿಲ್ಲ. ಮಳೆ ಹಿಡಿದ ಎರಡನೇ ವಾರಕ್ಕೆ ತುಂಬಿದ ಅರ್ಧ ಜಾರಿ ಕೆಳಗಿನ ಸಾಲಿನ ಕಾಫಿ ಗಿಡಗಳ ಮೇಲೆ ಕೂತಿತು. 60 ಗಿಡವಾದರೂ ಹೋದವು. ಮೆಷಿನ್ನು, ಡೀಸೆಲ್ಲು, ಮಣ್ಣು ತೆಗೆಸಿದ ಕೂಲಿ ಎಲ್ಲ ಸೇರಿ ಒಂದು ಲಕ್ಷದ ಇಪ್ಪತ್ತು ಸಾವಿರ. ಮನೆಯಲ್ಲಿ ಅಪ್ಪ ಮೂರು ದಿನ ಸರಿಯಾಗಿ ಮಾತಾಡಲಿಲ್ಲ.

ನಡುವೆ ಅಡ್ಡ ದಿಮ್ಮಿ ಹಾಕುವ ಪ್ರಯೋಗವೂ ಆಯಿತು. ಬಿದ್ದ ಸಿಲ್ವರ್ ದಿಮ್ಮಿ ಓರೆಯಾಗಿ ಹೂತು ನೀರು ತಿರುಗಿಸುವುದು. ಒಂದೇ ಜೋರು ಮಳೆಗೆ ದಿಮ್ಮಿಯ ಹಿಂದೆ ಹೂಳು ತುಂಬುತ್ತದೆ, ನೀರು ಅದರ ಮೇಲೇ ಹಾರಿ ಮುಂದೆ ಗುಂಡಿ ತೋಡುತ್ತದೆ. ಪಾಚಿ ಹಿಡಿದ ಮೇಲೆ ಮುಂದಿನ ಚಕ್ರ ಓರೆಯಾಗಿ ಬಿತ್ತು ಅಂದ್ರೆ ಮುಗೀತು. ಒಬ್ಬ ಗೆಳೆಯನ ಕಾಲರ್‌ಬೋನ್ ಹೋದದ್ದು ಅಲ್ಲೇ. ಈಗಲೂ ಕೆಲವರು ಇದನ್ನೇ ಮಾಡುತ್ತಾರೆ. ನಾನಂತೂ ಇನ್ನು ಹಾಕಲ್ಲ.

ಕೊನೆಗೆ ಕೂತ ವಿಧಾನ ಹೊಸದೇನಲ್ಲ. ಅಮೆರಿಕದ ಇಂಬಾ ಅನ್ನುವ ಮೌಂಟನ್ ಬೈಕ್ ಸಂಸ್ಥೆಯವರು ಹೇಳುವ ಹಾಫ್ ರೂಲ್ (ದಾರಿಯ ಇಳುಕಲು ಗುಡ್ಡದ ಇಳುಕಲಿನ ಅರ್ಧ ಮೀರಬಾರದು), ಹತ್ತು ಪರ್ಸೆಂಟ್ ಲೆಕ್ಕ (ಸರಾಸರಿ ಏರು ಹತ್ತರೊಳಗೆ ಇರಬೇಕು), ಅದೇ. ಆದರೆ ನೀರು ಹೊರಬಿಡುವ ತಗ್ಗುಗಳ ನಡುವಿನ ಅಂತರವನ್ನು ನಮ್ಮ ಮಳೆಗೆ ತಕ್ಕಂತೆ ಬಿಗಿ ಮಾಡಿದ್ದು ನಾನು. ಗೆರೆ ಹಾಕಿದ್ದು ಇಳುಕಲು ಅಳೆಯುವ ಅಜ್ಜನ ಕಾಲದ ರೋಡ್ ಟ್ರೇಸರ್‌ನಲ್ಲಿ. ತೋಟದ ರಸ್ತೆ ಎಳೆಯೋಕೆ ತಂದದ್ದು, ಅಟ್ಟದಲ್ಲಿ ಧೂಳು ತಿನ್ನುತ್ತಿತ್ತು. ಮೊಬೈಲ್ ಆ್ಯಪಿಗಿಂತ ಎಷ್ಟೋ ವಾಸಿ. ಸರಾಸರಿ ಏರು 7 ಪರ್ಸೆಂಟ್, ಕೆಲವು ಕಡೆ 12. ಅದಕ್ಕಿಂತ ಕಡಿದು ಎಲ್ಲೂ ಇಲ್ಲ.

ಎರಡೂವರೆ ಅಡಿ ಅಗಲ, ಪೂರ್ತಿ ಗಟ್ಟಿ ನೆಲದಲ್ಲೇ ಕಡಿದದ್ದು. ತೆಗೆದ ಮಣ್ಣನ್ನು ಅಂಚಿಗೆ ತುಂಬಿಲ್ಲ, ಬುಟ್ಟಿಯಲ್ಲಿ ಹೊತ್ತು ದೂರ ಎರಚಿಸಿದ್ದು. ಕೂಲಿ ಜಾಸ್ತಿ ಆಗುವುದು ಇಲ್ಲೇ, ಇಲ್ಲಿ ಉಳಿಸೋಕೆ ಹೋಗಬೇಡಿ. ಹೊರಗಡೆಗೆ ಓರೆ: ಎರಡೂವರೆ ಅಡಿಗೆ ಒಂದೂವರೆ ಇಂಚು. ಇದಕ್ಕೆ ಒಂದು ಕೋಲು ಮಾಡಿಕೊಂಡೆ. ಎರಡೂವರೆ ಅಡಿ ಉದ್ದದ ಅಡಿಕೆ ದಬ್ಬೆ, ಒಂದು ತುದಿಯ ಅಡಿಯಲ್ಲಿ ಒಂದೂವರೆ ಇಂಚಿನ ಮರದ ಗುಬ್ಬಿ, ಮೇಲೆ ಮೇಸ್ತ್ರಿಗಳ ಸ್ಪಿರಿಟ್ ಲೆವೆಲ್ ರಬ್ಬರ್‌ನಲ್ಲಿ ಕಟ್ಟಿದ್ದು. ಗುಬ್ಬಿ ಇರುವ ತುದಿ ಹೊರಗೆ ಇಟ್ಟಾಗ ಗುಳ್ಳೆ ನಡುವೆ ನಿಂತರೆ ಆ ಜಾಗ ಪಾಸು. ಕೂಲಿಗೆ ಬಂದ ಅಸ್ಸಾಂ ಹುಡುಗರಿಗೆ ಕನ್ನಡದಲ್ಲಿ ಓರೆ ಅಂತ ಎಷ್ಟು ಹೇಳಿದರೂ ಆಗದ್ದು ಈ ಕೋಲು ಕೊಟ್ಟ ಮಧ್ಯಾಹ್ನದಿಂದ ಸರಿಯಾಯಿತು.

ಅಸಲಿ ಕೆಲಸ ತಗ್ಗುಗಳದ್ದು. ಇಳಿಯುತ್ತಾ ಬಂದ ಟ್ರೇಲ್ ಏಳೆಂಟು ಅಡಿ ದೂರ ಮೇಲಕ್ಕೆ ಹತ್ತಿ ಮತ್ತೆ ಇಳಿಯಬೇಕು. ನೀರು ಹತ್ತಲ್ಲ, ಅಲ್ಲೇ ಹೊರಗೆ ಹೋಗುತ್ತದೆ. ಬಯಲುಸೀಮೆಯವರು ಇದನ್ನು ಮೂವತ್ತು ಮೀಟರಿಗೊಂದು ಮಾಡಿ ಸಾಕು ಅಂತಾರೆ. ನಮ್ಮಲ್ಲಿ 10 ಮೀಟರಿಗೆ ಒಂದು, 12 ಪರ್ಸೆಂಟ್ ಇರುವಲ್ಲಿ 7, 8 ಮೀಟರಿಗೇ ಒಂದು. ಒಟ್ಟು ಮುನ್ನೂರರ ಮೇಲಿದೆ, ಎಣಿಸಿಲ್ಲ. ಏರನ್ನು ಮಣ್ಣು ಸುರಿದು ಮಾಡಿದರೆ ಒಂದೇ ಮಳೆಗೆ ಕೂರುತ್ತದೆ. ಗೆರೆ ಹಾಕುವಾಗಲೇ ಮೇಲಕ್ಕೆ ಹತ್ತಿಸಬೇಕು, ಆಗ ಏರು ಕೂಡ ಗಟ್ಟಿ ನೆಲದ್ದೇ ಆಗಿರುತ್ತದೆ. ತಗ್ಗಿನ ಬಾಯಿ ಐದಡಿಗಿಂತ ಕಡಿಮೆ ಇದ್ದರೆ ದರಗು ಬಂದು ಕಟ್ಟಿಕೊಳ್ಳುತ್ತದೆ. ಓಡಿಸುವವರಿಗೂ ಲಾಭ, ಪೆಡಲ್ ತುಳಿಯದೇ ಪಂಪ್ ಮಾಡಿಕೊಂಡು, ಅಂದ್ರೆ ಮೈ ಒತ್ತಿ ಎತ್ತಿ ವೇಗ ಪಡೆದು, ಹೋಗಬಹುದು.

ನಮ್ಮ ಮೇಸ್ತ್ರಿಗೆ ಇದು ಕೊನೆವರೆಗೂ ಒಪ್ಪಿಗೆ ಆಗಲಿಲ್ಲ. "ಗೌಡ್ರೇ, ಚರಂಡಿ ಇಲ್ದೆ ದಾರಿ ಮಾಡಿದ್ರೆ ನೀರು ಎಲ್ಲಿಗೆ ಹೋಗ್ಬೇಕು?" ಅಂತ ದಿನಾ ಕೇಳುತ್ತಿದ್ದರು. "ಎಲ್ಲಾ ಕಡೆಗೂ ಹೋಗ್ಲಿ ಮೇಸ್ತ್ರಿ, ಒಂದೇ ಕಡೆ ಹೋಗೋದು ಬೇಡ" ಅನ್ನುತ್ತಿದ್ದೆ. ತಲೆ ಕೆರೆದುಕೊಂಡು ಬೀಡಿ ಹಚ್ಚುತ್ತಿದ್ದರು. ಈಗ ಬಂಗಲೆಗೆ ಬರುವ ಜೀಪ್ ರಸ್ತೆಗೂ ಹೀಗೇ ಮಾಡಿಸೋಣ ಅನ್ನುತ್ತಿದ್ದಾರೆ, ಅದೂ ತಮ್ಮದೇ ಐಡಿಯಾ ಅನ್ನುವ ಧಾಟಿಯಲ್ಲಿ.

ಅಗೆಯುವ ಕಾಲ ಮುಖ್ಯ. ಏಪ್ರಿಲ್ ಬಿಸಿಲಲ್ಲಿ ಮಣ್ಣು ಪುಡಿ, ಎಷ್ಟು ಬಡಿದರೂ ಕೂರಲ್ಲ. ಸೆಪ್ಟೆಂಬರ್ ಕೊನೆಯಿಂದ ಕೊಯ್ಲು ಶುರುವಾಗುವವರೆಗೆ, ಮತ್ತೆ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲಿನ ಒಂದೆರಡು ವಾರ, ಆಗ ಮಾತ್ರ ದಿಮ್ಮಸು ಹೊಡೆದರೆ ಕಲ್ಲಾಗುತ್ತದೆ.

ಜೋರು ಮಳೆಯಲ್ಲಿ ಟ್ರೇಲ್ ನೋಡದೇ ಇದ್ದರೆ ಏನೂ ಗೊತ್ತಾಗಲ್ಲ. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಕಾಲಿಗೆ ಹೊಗೆಸೊಪ್ಪು ಸುಣ್ಣ ತಿಕ್ಕಿಕೊಂಡು, ಒಂದು ಚೀಲ ಕಾಫಿ ಹೊಟ್ಟು ಹಿಡಿದು ಹೋಗುತ್ತಿದ್ದೆ. ಒಂದು ಹಿಡಿ ಹೊಟ್ಟು ಎಸೆದು ಅದರ ಹಿಂದೆ ನಡೆಯುವುದು. ಹೊಟ್ಟು ನಾಲ್ಕು ಹೆಜ್ಜೆಯೊಳಗೆ ಅಂಚು ದಾಟಿ ಕೆಳಗೆ ಹೋದರೆ ಸರಿ. ಟ್ರೇಲ್ ಉದ್ದಕ್ಕೂ ಸಾಗಿತು ಅಂದರೆ ಅಲ್ಲಿ ಓರೆ ಕೆಟ್ಟಿದೆ, ಒಂದು ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿ ಬರುವುದು. ಇಂಬಳ ಅಂತೂ ಹೊಗೆಸೊಪ್ಪಿಗೂ ಕೇರ್ ಮಾಡಲ್ಲ, ಸಂಜೆ ಸಾಕ್ಸ್ ತೆಗೆದರೆ ರಕ್ತ.

ತಗ್ಗಿನಿಂದ ಹೊರಬಿದ್ದ ನೀರು ಎಲ್ಲಿಗೆ ಅನ್ನುವುದಕ್ಕೆ ಉತ್ತರ ತೋಟದಲ್ಲೇ ಇತ್ತು. ಕಾಫಿ ಸಾಲಿನ ನಡುವೆ ತೆಗೆಯುವ ತೊಟ್ಟಿಲು ಗುಂಡಿಗಳು. ಪ್ರತಿ ತಗ್ಗಿನ ಬಾಯಿಯಿಂದ ಏಳೆಂಟು ಅಡಿ ಕೆಳಗೆ ಒಂದು ಗುಂಡಿ ಸಿಗುವ ಹಾಗೆ ಹೊಂದಿಸಿದೆ. ನೀರು ಅಲ್ಲಿ ಇಂಗುತ್ತದೆ, ಹೂಳು ಅಲ್ಲೇ ಉಳಿಯುತ್ತದೆ. ಮಳೆ ಬಿಟ್ಟ ಮೇಲೆ ಆ ಹೂಳನ್ನೇ ತೆಗೆದು ಬರ್ಮ್‌ಗೆ ಹಾಕುವುದು. ಬರ್ಮ್ ಮಣ್ಣಿಗೆ ಇನ್ನೂ ಎರಡು ವಸ್ತು ಬೆರೆಸುತ್ತೇನೆ, ಅದನ್ನು ಈಗ ಹೇಳಲ್ಲ. ತೋಟಕ್ಕೆ ಬಂದು ಒಂದು ದಿನ ಗುದ್ದಲಿ ಹಿಡಿದವರಿಗೆ ತೋರಿಸುತ್ತೇನೆ.

ಜಲ ಏಳುವ ಜಾಗಗಳಿಗೆ ಮಾತ್ರ ಇದ್ಯಾವುದೂ ನಡೆಯಲ್ಲ. ಜುಲೈ ಬಂದರೆ ನೆಲದಿಂದಲೇ ನೀರು ಉಕ್ಕುತ್ತದೆ, ಓರೆ ಮಾಡಿದರೂ ಕೆಸರೇ. ನಮ್ಮಲ್ಲಿ ಅಂಥವು ಏಳೆಂಟು ಇದ್ದವು. ಅರ್ಧ ಗೆರೆ ಬದಲಿಸಿ ತಪ್ಪಿಸಿದೆ, ಉಳಿದ ಕಡೆ ಹಳ್ಳದ ಕಾಡುಕಲ್ಲು ನಿಲ್ಲಿಸಿ ಹಾಸಿದೆ. ಮಲಗಿಸಿ ಹಾಸಿದರೆ ಅಲ್ಲಾಡುತ್ತದೆ, ಮುಕ್ಕಾಲು ಭಾಗ ನೆಲದೊಳಗೆ ಹೋಗುವ ಹಾಗೆ ಎಬ್ಬಿಸಿ ಹೂಳಬೇಕು. ಜಂಬಿಟ್ಟಿಗೆಯನ್ನೂ ಹಾಕಿ ನೋಡಿದೆ, ಟೈರ್ ಹಿಡಿತ ಚೆನ್ನಾಗಿದೆ, ಆದರೆ ಅಂಚು ಬೇಗ ಪುಡಿಯಾಗುತ್ತದೆ. ಕಲ್ಲಿನ ಕೆಲಸಕ್ಕೆ 40 ಸಾವಿರದ ಹತ್ತಿರ ಆಯಿತು.

ಪಕ್ಕದ ಪ್ರಯೋಗಗಳು ಬೇಕಾದಷ್ಟು. ತೆಂಗಿನ ನಾರಿನ ಬಲೆ ತಂದು ಕಡಿದ ಗೋಡೆಗೆ ಹೊದಿಸಿದೆ. ಒಳ್ಳೆಯದೇ, ಆದರೆ ದುಬಾರಿ, ಅದೇ ಕೆಲಸವನ್ನು ಪುಕ್ಕಟೆ ಸಿಗುವ ಜರಿಗಿಡ ಎರಡು ಮಳೆಗಾಲದಲ್ಲಿ ಮಾಡುತ್ತದೆ. ಲಾವಂಚ ಬಿಸಿಲು ಬೀಳುವಲ್ಲಿ ಮಾತ್ರ ಬಂತು, ನೆರಳಲ್ಲಿ ಸೊರಗಿತು. ಟ್ರೇಲ್ ಮೇಲೆ ಕಾಫಿ ಹೊಟ್ಟು ಹಾಸಿದ್ದು ಒಂದೇ ವಾರಕ್ಕೆ ಕೊಳೆತು ಸೋಪಾಯಿತು. ಖುಷಿ ಕೊಟ್ಟದ್ದು ಕಾಲುಸಂಕ. ಅಡಿಕೆ ಮರ ಸೀಳಿ ಹಳ್ಳದ ಮೇಲೆ ಇಪ್ಪತ್ತಡಿ ಸಂಕ ಮಾಡಿ, ಮೇಲೆ ಹಳೇ ಸೈಕಲ್ ಟೈರ್‌ಗಳನ್ನು ಕತ್ತರಿಸಿ ಉಬ್ಬು ಉಬ್ಬು ಇರುವ ಮೈ ಮೇಲಾಗಿ ಮೊಳೆ ಹೊಡೆದೆ. ಮೂರು ಮಳೆಗಾಲ ಆಯಿತು, ದಬ್ಬೆ ಒಮ್ಮೆ ಬದಲಿಸಿದ್ದೇನೆ, ಜಾರಿದವರು ಇಲ್ಲ.

ಒಟ್ಟು ಲೆಕ್ಕ. ಕೊನೆಯ ವಿಧಾನಕ್ಕೆ ಕೂಲಿ ಮೂರೂ ಕಾಲು ಲಕ್ಷ ಸುಮಾರು, ಎರಡು ವರ್ಷದಲ್ಲಿ. ಆಳಿಗೆ 700ರ ಲೆಕ್ಕ, ನಾಲ್ಕು ಜನ ದಿನಕ್ಕೆ 30 ಮೀಟರ್ ಮಾಡಿದರೆ ಹೆಚ್ಚು. ಕಲ್ಲು, ಸಾಮಾನು ಬೇರೆ. ಹಿಂದೆ ನೀರಿಗೆ ಹೋದ ಎರಡು ಲಕ್ಷ ಸೇರಿಸಿದರೆ ಆರು ಲಕ್ಷದ ಹತ್ತಿರ. ಕಾಂಕ್ರೀಟಿಗೆ ಕೊಟ್ಟ ಎಸ್ಟಿಮೇಟ್ ಇಪ್ಪತ್ತು ಲಕ್ಷದ ಮೇಲಿತ್ತು, ನೆನಪಿರಲಿ. ವರ್ಷದ ರಿಪೇರಿ ಈಗ 25 ಸಾವಿರ. ಅದರಲ್ಲಿ ಮುಕ್ಕಾಲು ಪಾಲು ಒಂದೇ ಕೆಲಸ: ಟೈರ್ ಓಡಾಡಿ ಹೊರಗಿನ ಅಂಚಿನಲ್ಲಿ ಸಣ್ಣ ದಿಣ್ಣೆ ಏಳುತ್ತದೆ, ಮಳೆ ಮುಂಚೆ ಅದನ್ನು ಕೆರೆದು ಹಾಕಬೇಕು. ಬಿಟ್ಟರೆ ಮತ್ತೆ ಬಂಡಿ ದಾರಿಯ ಕಥೆ. ಆದಾಯ ಅಂದರೆ ತಲೆಗೆ ದಿನಕ್ಕೆ 600, ಊಟ ಬೇರೆ. ಹೋದ ಸೀಸನ್‌ನಲ್ಲಿ 90 ಸಾವಿರ ಬಂದಿರಬೇಕು. ಮೆಣಸಿನ ರೇಟಿನ ಮುಂದೆ ಏನೂ ಅಲ್ಲ, ಆದರೆ ರಿಪೇರಿ ಕಳೆದು ಉಳಿಯುತ್ತದಲ್ವಾ.

ನಮ್ಮ ಗಡಿ ಆಚೆ ರಿಸರ್ವ್ ಫಾರೆಸ್ಟ್. ಅಲ್ಲಿಗೆ ಒಂದು ಗಾಲಿಯೂ ಹೋಗಬಾರದು, ಅನುಮತಿ ಇಲ್ಲದೆ ಒಳಗೆ ಹೋದರೆ ಕೇಸು. ಬಂದವರು "ಆ ಕಡೆ ಸ್ವಲ್ಪ ನೋಡಿ ಬರ್ತೀವಿ ಸಾರ್" ಅಂದರೆ ದುಡ್ಡು ವಾಪಸ್ ಕೊಟ್ಟು ಕಳಿಸಿದ್ದೂ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಐದರ ಮೇಲೆ ಟ್ರೇಲ್ ಬಂದ್, ಆನೆ ಹತ್ತಿರ ಇದೆ ಅಂತ ಮೊಬೈಲ್ ಗ್ರೂಪಿನಲ್ಲಿ ಮೆಸೇಜ್ ಬಂದರೆ ಇಡೀ ದಿನ ಬಂದ್. ಅರೇಬಿಕಾ ಕೊಯ್ಲಿನಲ್ಲೂ ಇಲ್ಲ, ಹಣ್ಣು ಕೊಯ್ಯುವ ಹೆಂಗಸರು ದಾರಿಯಲ್ಲೇ ಚೀಲ ಇಟ್ಟುಕೊಂಡಿರುತ್ತಾರೆ.

ಬರುವವರು ಬ್ರೇಕ್ ಪ್ಯಾಡ್ ಒಂದನ್ನು ನೋಡಿಕೊಳ್ಳಿ. ರೆಸಿನ್ ಪ್ಯಾಡ್ ಹಾಕಿಕೊಂಡು ಅಕ್ಟೋಬರ್‌ನಲ್ಲಿ ಬಂದರೆ ನಮ್ಮ ಕೆಂಪು ಮಣ್ಣು ಎರಡೇ ದಿನದಲ್ಲಿ ಅರೆದು ತಗಡು ಕಾಣಿಸುತ್ತದೆ. ಮೆಟಲ್ ಪ್ಯಾಡ್ ಹಾಕಿ, ಒಂದು ಜೊತೆ ಎಕ್ಸ್‌ಟ್ರಾ ಇಟ್ಟುಕೊಳ್ಳಿ. ಮೂಡಿಗೆರೆ ಪೇಟೆಯಲ್ಲಿ ಡಿಸ್ಕ್ ಪ್ಯಾಡ್ ಹುಡುಕಿ ನಾನೇ ಸುಸ್ತಾಗಿದ್ದೇನೆ, ನನ್ನ ಸ್ಟಾಕ್ ಕೇಳಬೇಡಿ.