ನೆಲೆಸಲು ಜಾಗ ಆರಿಸುವಾಗ ನಾನು ನೀರು, ನೆಲ, ಸೆಕೆ ಅಳೆದ ಬಗೆ

ಯಾವ ಅಪಾಯವೂ ಇಲ್ಲದ ಜಾಗ ಎಲ್ಲಿಯೂ ಸಿಗುವುದಿಲ್ಲ. ಹಾಗಾಗಿ ನಾನು ಮೊದಲು ಅಪಾಯಗಳನ್ನೇ ಎರಡು ಪಾಲು ಮಾಡಿಕೊಂಡೆ. ಗಟ್ಟಿ ನೆಲದಲ್ಲಿ ಭೂಕಂಪ, ಬಿರುಗಾಳಿ, ಒಂದು ಮಟ್ಟಿಗೆ ಸೆಕೆ: ಇವನ್ನು ಒಳ್ಳೆಯ ವಿನ್ಯಾಸ ಮತ್ತು ಸರಿಯಾದ ಕಟ್ಟೋಣದಿಂದ ಎದುರಿಸಬಹುದು. ನೆರೆ, ಗುಡ್ಡ ಕುಸಿತ, ಕಡಲ್ಕೊರೆತಗಳಿಗೆ ಮನೆ ಎಷ್ಟು ಗಟ್ಟಿಯಿದ್ದರೂ ಸಾಲದು, ಜಾಗವನ್ನೇ ಬಿಡಬೇಕು. ಆಯ್ಕೆಯಲ್ಲಿ ನನ್ನ ಹಟವೆಲ್ಲ ಈ ಎರಡನೆಯ ಪಾಲಿನ ಮೇಲೇ. ಪ್ರತಿಯೊಂದಕ್ಕೂ ಅಂಕ ಕೊಟ್ಟು ಕೂಡಿಸುವ ಪಟ್ಟಿಯನ್ನು ನಾನು ಬಳಸಲಿಲ್ಲ. ತಂಪು ಹವೆಗೆ ಎಷ್ಟೇ ಅಂಕ ಬರಲಿ, ನೆರೆ ನುಗ್ಗುವ ಜಾಗಕ್ಕೆ ನೆರೆ ನುಗ್ಗಿಯೇ ನುಗ್ಗುತ್ತದೆ.

ನಕ್ಷೆಯಲ್ಲಿ ‘ನೂರು ವರ್ಷದ ನೆರೆ’ಯ ಗೆರೆಯ ಮೇಲೆ ಬರುವ ಜಾಗಕ್ಕೆ ಯಾವುದೇ ಒಂದು ವರ್ಷದಲ್ಲಿ ನೀರು ಬರುವ ಸಾಧ್ಯತೆ ಶೇ. 1. ಅಲ್ಲೇ 30 ವರ್ಷ ಇದ್ದರೆ ಒಮ್ಮೆಯಾದರೂ ನೀರು ಬರುವ ಸಾಧ್ಯತೆ ಶೇ. 26, 50 ವರ್ಷಕ್ಕೆ ಸುಮಾರು ಶೇ. 39. ಇದೂ ಹಳೆಯ ಮಳೆಯ ಲೆಕ್ಕ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದಿಡಬಲ್ಲದು, ಹಾಗಾಗಿ ಒಮ್ಮೆಗೇ ಸುರಿಯುವ ಮಳೆಯ ರಭಸವೂ ಹೆಚ್ಚುತ್ತದೆ. ಗೆರೆಯಿಂದ ಸ್ವಲ್ಪವೇ ಆಚೆಗಿದ್ದ ಜಾಗಗಳನ್ನೂ ಇದೇ ಕಾರಣಕ್ಕೆ ಬಿಟ್ಟೆ.

ಕಂಪ್ಯೂಟರಿನಲ್ಲಿ ಸಿಗುವ ಎತ್ತರದ ಮಾಹಿತಿಯನ್ನು ಕಣಿವೆ ಎತ್ತ ಹರಿಯುತ್ತದೆ ಎಂದು ನೋಡುವುದಕ್ಕಷ್ಟೇ ಬಳಸಿದೆ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ಮಾಹಿತಿಯಲ್ಲಿ ಒಂದೊಂದು ಚೌಕ ಸುಮಾರು 30 ಮೀಟರು. ಎತ್ತರದಲ್ಲಿ ಹಲವು ಮೀಟರುಗಳ ತಪ್ಪಿರಬಹುದು, ಮರದ ನೆತ್ತಿಯನ್ನೂ ಅದು ನೆಲವೆಂದು ಓದುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳಿಂದ ಮಾಡಿದ ಗ್ಲೋಬಲ್ ಸರ್ಫೇಸ್ ವಾಟರ್ ನಕ್ಷೆ 1984ರಿಂದೀಚೆಗೆ ಎಲ್ಲೆಲ್ಲಿ ನೀರು ಕಂಡಿತ್ತೆಂದು ತೋರಿಸುತ್ತದೆ. ಅದರಲ್ಲಿ ನೀರು ಕಂಡರೆ ನಂಬಿ, ಕಾಣಲಿಲ್ಲವೆಂದು ನಿಶ್ಚಿಂತರಾಗಬೇಡಿ. ಒಂದು ಲ್ಯಾಂಡ್‌ಸ್ಯಾಟ್ ಉಪಗ್ರಹ ಒಂದೇ ಜಾಗದ ಮೇಲೆ ಮತ್ತೆ ಬರುವುದು 16 ದಿನಕ್ಕೊಮ್ಮೆ, ನೆರೆಯ ದಿನ ಮೋಡವೂ ಕವಿದಿರುತ್ತದೆ. ಎರಡು ದಿನ ನಿಂತು ಇಳಿದ ನೀರು ಅದರ ಕಣ್ಣಿಗೆ ಬೀಳದೇ ಹೋಗಬಹುದು.

ಉಳಿದದ್ದನ್ನು ಜಾಗದಲ್ಲೇ ನೋಡಬೇಕು. ಹಳಬರನ್ನು ‘ನೆರೆ ಬರುತ್ತದೆಯೇ’ ಎಂದು ಕೇಳಿದರೆ ಸಿಗುವ ಉತ್ತರದಿಂದ ಹೆಚ್ಚು ಉಪಯೋಗವಿಲ್ಲ. ‘ನೀರು ಎಲ್ಲಿಯವರೆಗೆ ಏರಿತ್ತು, ಈ ಗೋಡೆಯ ಮೇಲೆ ಕೈಯಿಟ್ಟು ತೋರಿಸಿ’ ಎಂದು ಕೇಳಬೇಕು. ಸೇತುವೆಯ ಕಂಬದ ಕೆಸರು ಗೆರೆ, ಕೊಂಬೆಗೆ ಸಿಕ್ಕಿಕೊಂಡ ಕಸವೂ ಸಾಕ್ಷಿಯೇ. ಗುರುತು ಆದಷ್ಟು ಹತ್ತಿರದ್ದಾಗಿರಲಿ, ಏಕೆಂದರೆ ಹರಿಯುವ ನೆರೆಯ ಮೇಲ್ಮೈ ಕೆಳದಿಕ್ಕಿಗೆ ಇಳಿಯುತ್ತಾ ಹೋಗುತ್ತದೆ. ಆ ಮಟ್ಟವನ್ನು ನಿವೇಶನಕ್ಕೆ ತರಲು ಗಾರೆ ಕೆಲಸದವರ ಲೆವೆಲ್ ಟ್ಯೂಬ್ ಸಾಕು. ಪಾರದರ್ಶಕ ಟ್ಯೂಬಿಗೆ ಒಂದೇ ತುದಿಯಿಂದ ನಿಧಾನವಾಗಿ ನೀರು ತುಂಬಿ, ಎರಡೂ ತುದಿ ಒಟ್ಟಿಗೆ ಹಿಡಿದು ನೀರು ಸಮ ನಿಲ್ಲುತ್ತದೆಯೇ ನೋಡಿ. ಸಮ ನಿಲ್ಲದಿದ್ದರೆ ಒಳಗೆ ಗಾಳಿಗುಳ್ಳೆ ಇದೆ ಎಂದರ್ಥ. ಗುಳ್ಳೆಯಿರುವ ಕಡೆಯ ನೀರಿನ ಕಂಬ ಹಗುರವಾಗಿ ಆ ತುದಿ ಮೇಲೆ ನಿಲ್ಲುತ್ತದೆ, ಅಳತೆಯೂ ಅಷ್ಟೇ ತಪ್ಪುತ್ತದೆ. ದೂರ ಹೆಚ್ಚಿದ್ದರೆ ಗೂಟದಿಂದ ಗೂಟಕ್ಕೆ ಮಟ್ಟ ಸಾಗಿಸಿ, ಕೊನೆಗೆ ವಾಪಸು ಮೊದಲ ಗುರುತಿಗೆ ಅಳೆದು ತಾಳೆ ನೋಡಿ. ಮನೆಯ ನೆಲ ಆ ಗುರುತಿಗಿಂತ ಒಂದು ಮೀಟರಾದರೂ ಮೇಲಿರಬೇಕೆಂಬುದು ನನ್ನ ನಿಯಮ.

ಬೇಸಿಗೆಯಲ್ಲಿ ಜಾಗ ನೋಡುವವರು ಒಂದು ಮೀಟರ್ ಆಳದ ಗುಂಡಿ ತೋಡಿಸಲೇಬೇಕು. ಬೂದು ಬಣ್ಣದ ಮಣ್ಣಿನಲ್ಲಿ ತುಕ್ಕಿನಂಥ ಕೆಂಪು ಚುಕ್ಕೆಗಳಿದ್ದರೆ ವರ್ಷದ ಒಂದಷ್ಟು ಕಾಲ ಆ ಮಟ್ಟದವರೆಗೆ ನೀರು ನಿಲ್ಲುತ್ತದೆ. ಗುಂಡಿ ಎಷ್ಟೇ ಒಣಗಿದ್ದರೂ ಆ ಬಣ್ಣ ಉಳಿದಿರುತ್ತದೆ. ಪಕ್ಕದಲ್ಲಿ 30 ಸೆಂಟಿಮೀಟರಿನ ಇನ್ನೊಂದು ಗುಂಡಿಗೆ ನೀರು ತುಂಬಿ ಇಂಗಲು ಬಿಡಿ, ಮತ್ತೆ ತುಂಬಿ ಆಗ ಅಳೆಯಿರಿ. ಒಣ ಮಣ್ಣು ಮೊದಲ ಸಲ ನೀರನ್ನು ಬೇಗ ಹೀರುವುದರಿಂದ ಆ ಅಳತೆ ಲೆಕ್ಕಕ್ಕಿಲ್ಲ. ಎರಡನೆಯ ಸಲ ಗಂಟೆಗೆ ಒಂದು ಸೆಂಟಿಮೀಟರೂ ಇಳಿಯದಿದ್ದರೆ ಮಳೆನೀರು ಹೊರಹೋಗಲು ಬೇರೆ ದಾರಿ ಬೇಕು.

ಇಳಿಜಾರಿನಲ್ಲಿ ಕಾಲಡಿಯ ನೆಲಕ್ಕಿಂತ ಮೇಲಿನ ಗುಡ್ಡವನ್ನು ಹೆಚ್ಚು ನೋಡಿದೆ. ಒಂದು ಮರದ ಬುಡ ಬಾಗಿದ್ದರೆ ಬೆಳಕು, ಗಾಳಿ ಕಾರಣವಿರಬಹುದು. ಸಾಲು ಮರಗಳೆಲ್ಲ ಬುಡದಲ್ಲೇ ಒಂದೇ ಕಡೆಗೆ ಬಾಗಿದ್ದರೆ ನೆಲ ಜಾರುತ್ತಿರುವ ಸಾಧ್ಯತೆ ಹೆಚ್ಚು. ಅರ್ಧಚಂದ್ರದಂಥ ಬಿರುಕು, ಹೊಸದಾಗಿ ಜಿನುಗುವ ಒರತೆ ಕಂಡರೆ ಮುಂದೆ ನೋಡುವ ಅಗತ್ಯವೇ ಇಲ್ಲ. ಕೊರಕಲು ಬಂದು ಬಯಲಿಗೆ ಸೇರುವ ಕಡೆ ಬೀಸಣಿಗೆಯಂತೆ ಹರಡಿದ ಮಟ್ಟಸ ನೆಲ ಮನೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಅಲ್ಲಿ ದೊಡ್ಡ ಬಂಡೆ, ಕೆಸರು, ಜಲ್ಲಿ ಒಟ್ಟಿಗೆ ಕಲಸಿಕೊಂಡಿದ್ದರೆ ಅವು ಮೇಲಿನಿಂದ ಕೆಸರಿನ ಪ್ರವಾಹದಲ್ಲಿ ಬಂದವು, ಇನ್ನೊಮ್ಮೆಯೂ ಬರಬಲ್ಲವು.

ಭೂಕಂಪದಲ್ಲಿ ಕೇಂದ್ರದಿಂದ ಇರುವ ದೂರದಷ್ಟೇ ನೆಲದ ಗುಣವೂ ಮುಖ್ಯ. 1985ರಲ್ಲಿ ಮೆಕ್ಸಿಕೊ ಸಿಟಿಯನ್ನು ನಡುಗಿಸಿದ ಭೂಕಂಪದ ಕೇಂದ್ರಬಿಂದು ನಗರದಿಂದ 300 ಕಿಲೋಮೀಟರಿಗೂ ದೂರವಿತ್ತು, ಆದರೂ ನಗರದ ಅಡಿಯ ಹಳೆಯ ಸರೋವರದ ಜೇಡಿ ಕಂಪನವನ್ನು ಹಲವು ಪಟ್ಟು ಹೆಚ್ಚಿಸಿತು. ಮುಚ್ಚಿದ ಕೆರೆ, ನೀರು ತುಂಬಿದ ಸಡಿಲ ಮರಳಿನ ನೆಲವನ್ನು ಹಳೆಯ ನಕ್ಷೆ ನೋಡಿ, ಬಾವಿ ತೋಡಿದವರನ್ನು ಕೇಳಿ ತಳ್ಳಿಹಾಕಿದೆ. ಕಡಲು 2006ರಿಂದ 2018ರವರೆಗೆ ವರ್ಷಕ್ಕೆ ಸರಾಸರಿ 3.7 ಮಿಲಿಮೀಟರ್ ಏರಿದೆ. ಅಂತರ್ಜಲ ಎತ್ತಿ ನೆಲವೇ ಕುಸಿಯುತ್ತಿರುವ ಜಕಾರ್ತದಂಥ ಕಡೆ ಇದಕ್ಕಿಂತ ನೆಲದ ಕುಸಿತವೇ ದೊಡ್ಡ ಲೆಕ್ಕ.

ಸೆಕೆಗೆ ಹಗಲಿನ ಗರಿಷ್ಠ ಉಷ್ಣಾಂಶವಷ್ಟೇ ಸಾಲದು, ರಾತ್ರಿಯ ಕನಿಷ್ಠ ಮತ್ತು ತೇವಾಂಶ ನೋಡಿ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ವೆಟ್ ಬಲ್ಬ್ ಉಷ್ಣಾಂಶ 35 ಡಿಗ್ರಿ ಮುಟ್ಟಿದರೆ ಬೆವರಿನಿಂದಲೂ ಮೈ ತಣಿಯುವುದಿಲ್ಲ, ಅದಕ್ಕಿಂತ ಬಹಳ ಕೆಳಗೇ ತೊಂದರೆ ಶುರುವಾಗುತ್ತದೆ. ಎತ್ತರ 1,000 ಮೀಟರ್ ಹೆಚ್ಚಿದರೆ ಸರಾಸರಿ 6.5 ಡಿಗ್ರಿ ತಂಪು. ಆದರೆ ಕಾಡಿನಂಚಿನ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ವೇಗವಾಗಿ ಏರುತ್ತದೆ, ತಂಪಿನ ಆಸೆಗೆ ಗುಡ್ಡದ ನೆತ್ತಿಗೆ ಹೋಗುವವರು ಇದನ್ನೂ ಎಣಿಸಬೇಕು.

ಇಷ್ಟರಲ್ಲೂ ತೇರ್ಗಡೆಯಾದ ಜಾಗದಿಂದ ಆಸ್ಪತ್ರೆಗೆ ಹೋಗುವ ದಾರಿಯನ್ನು ಪೂರ್ತಿ ನಡೆದು, ಅತಿ ತಗ್ಗಿನ ಮೋರಿಯ ಹತ್ತಿರ ನೆರೆಯ ಗುರುತು ಹುಡುಕಿ. ರಭಸದ ನೀರು 15 ಸೆಂಟಿಮೀಟರಿದ್ದರೂ ಮನುಷ್ಯನನ್ನು ಕೆಡವಬಲ್ಲದು, 30 ಸೆಂಟಿಮೀಟರಿಗೆ ಸಣ್ಣ ಕಾರು ತೇಲಬಹುದು. ದಾರಿ ಎರಡಿದ್ದು ಎರಡೂ ಒಂದೇ ಸೇತುವೆಯ ಮೇಲೆ ಹಾದರೆ ಅದನ್ನು ಒಂದೇ ದಾರಿಯೆಂದು ಲೆಕ್ಕ ಹಿಡಿಯಿರಿ.